ಡಬ್ಬಿ ಖಾಲಿ, ಹೊಟ್ಟೆಯೂ ಖಾಲಿ

ವ್ಯಾಪಾರಸ್ಥನಿಗೆ ಲೆಕ್ಕ ತಪ್ಪಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಕಳೆದ ವರ್ಷ ಆಷಾಢ ಮಾಸದಲ್ಲಿ ಉದ್ದನಪಲ್ಲಿಯ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ದಿನ ಬಿಟ್ಟು ದಿನ 20 ರೂಪಾಯಿ ಕಡಿಮೆ ಬರತೊಡಗಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಸರಿಯಾಗಿ 20. ದೊಡ್ಡ ಮೊತ್ತವೇನಲ್ಲ. ಆದರೆ ನಲವತ್ತು ವರ್ಷ ಕಿರ್ದಿ ಬರೆದ ಕೈಗೆ ಅದು ಮುಳ್ಳಿನಂತೆ ಚುಚ್ಚುತ್ತದೆ. ನಮ್ಮ ಸಂದೇಹ ಮೊದಲು ಹೋದದ್ದು ಮೂಟೆ ಇಳಿಸುವ ಆಳಿನ ಮೇಲೆ. ಬಾಯಿಬಿಟ್ಟು ಕೇಳಲಿಲ್ಲ, ಅಷ್ಟು ಪುಣ್ಯ. ಆದರೆ ಅವನು ಗಲ್ಲಾದ ಹತ್ತಿರ ಬಂದಾಗಲೆಲ್ಲ ನಮ್ಮ ಕಣ್ಣು ಅವನ ಕೈ ಮೇಲೆಯೇ ಇರುತ್ತಿತ್ತು. ಅದು ಅವನಿಗೆ ತಿಳಿಯದೆ ಇದ್ದೀತೇ?

ಸಿಕ್ಕಿಬಿದ್ದವನು ನಮ್ಮ ಮೊಮ್ಮಗ. ಆರನೆಯ ತರಗತಿಯ ಹುಡುಗ. ಬೆಳಿಗ್ಗೆ ವ್ಯಾನು ಬರುವ ಮುಂಚೆ ನಾವು ಬಾಗಿಲಿಗೆ ನೀರು ಹಾಕಿಸುತ್ತಿದ್ದೆವು, ತಿರುಗಿ ನೋಡಿದರೆ ಅವನ ಕೈ ಗಲ್ಲಾದೊಳಗಿತ್ತು. ಹೇಳಲು ನಾಚಿಕೆಯಾಗುತ್ತದೆ, ನಾವು ಏನೂ ಕೇಳದೆ ಕೈ ಎತ್ತಿದೆವು. ಒಂದು ಏಟು ಬಿದ್ದೇ ಹೋಯಿತು. ಹುಡುಗ ಅಳಲಿಲ್ಲ. "ಕೊಡದೆ ಹೋದರೆ ಡಬ್ಬಿಗೆ ಹಾಕ್ತಾರೆ ತಾತ" ಎಂದ. ಏನು ಹಾಕುತ್ತಾರೆ, ಯಾರು ಹಾಕುತ್ತಾರೆ ಎಂದು ಕೇಳುವಷ್ಟರಲ್ಲಿ ವ್ಯಾನಿನ ಹಾರನ್ ಆಯಿತು, ಓಡಿದ.

ಸಂಜೆ ನಮ್ಮ ಮನೆಯವರು ಅವನನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು ಅಕ್ಕಿ ಆರಿಸುತ್ತಾ ಆರಿಸುತ್ತಾ ಕೇಳಿದರು. ಹೆಂಗಸರಿಗೆ ಆ ವಿದ್ಯೆ ಗೊತ್ತು. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಮಕ್ಕಳು ಹೇಳುವುದಿಲ್ಲ, ಕೈ ಕೆಲಸದಲ್ಲಿದ್ದು ಕಣ್ಣು ಬೇರೆ ಕಡೆ ಇದ್ದರೆ ಹೇಳುತ್ತಾರೆ. ಹೊರಬಂದ ವಿಷಯ ಇಷ್ಟು. ವ್ಯಾನಿನ ಹಿಂದಿನ ಸೀಟಿನಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗಿನಿಂದ ಇವನನ್ನು "ಸೇಟು, ಸೇಟು" ಎಂದು ಕರೆಯುವುದು. (ನಮ್ಮ ಮನೆಮಾತು ಕನ್ನಡ. ರಾಜಸ್ಥಾನವನ್ನು ನಾವು ಕಂಡಿದ್ದು ಯಾತ್ರೆಗೆ ಹೋದಾಗ ಒಂದೇ ಒಂದು ಸಲ. ಆದರೂ ಜೈನರ ಅಂಗಡಿ ಎಂದರೆ ಸೇಟು ಅಂಗಡಿಯೇ.) ಮೊದಲು ಡಬ್ಬಿ ತೆಗೆದು ನೋಡಿ ಈರುಳ್ಳಿ ಇಲ್ಲ, ಆಲೂಗೆಡ್ಡೆ ಇಲ್ಲ ಎಂದು ನಕ್ಕರು. ಆಮೇಲೆ ಒಂದು ದಿನ ಅದರೊಳಗೆ ಮೊಟ್ಟೆಯ ಸಿಪ್ಪೆ ಹಾಕಿದರು. ಆ ದಿನ ಹುಡುಗ ಡಬ್ಬಿಯನ್ನೆಲ್ಲ ನಾಯಿಗೆ ಸುರಿದು ಉಪವಾಸ ಇದ್ದ. ಮರುದಿನ 20 ರೂಪಾಯಿ ಕೊಟ್ಟರೆ ಹಾಕುವುದಿಲ್ಲ ಎಂದರು. ಹಣ ಇದ್ದ ದಿನ ಊಟ, ಇಲ್ಲದ ದಿನ ಉಪವಾಸ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. ಬೇರೆ ಮನೆಯ ಮಕ್ಕಳು ಮೊಟ್ಟೆ ತಿನ್ನುವುದು ಅವರ ಊಟ, ಅದರಲ್ಲಿ ನಮಗೆ ಹೇಳುವುದೇನೂ ಇಲ್ಲ. ಪಕ್ಕದಲ್ಲಿ ಕೂತು ತಿಂದರೂ ನಮ್ಮ ಮಗುವಿಗೆ ಪೀಡೆಯಲ್ಲ. ಇಲ್ಲಿ ಸಿಪ್ಪೆ ಹಾಕಿದ್ದು ಊಟಕ್ಕಾಗಿ ಅಲ್ಲ, ಇವನ ಮುಖ ನೋಡುವುದಕ್ಕಾಗಿ.

ಈಗ ಯೋಚಿಸಿದರೆ ಗುರುತುಗಳೆಲ್ಲ ನಮ್ಮ ಕಣ್ಣ ಮುಂದೆಯೇ ಇದ್ದವು. ಡಬ್ಬಿ ಖಾಲಿಯಾಗಿ ಬರುತ್ತಿತ್ತು, ಹುಡುಗ ಮಾತ್ರ ಸಂಜೆ ಐದಕ್ಕೇ ಬರಗಾಲದಿಂದ ಬಂದವನಂತೆ ತಿನ್ನುತ್ತಿದ್ದ. ಸೊಸೆ "ಸೂರ್ಯಾಸ್ತಕ್ಕೆ ಮುಂಚೆ ಚೆನ್ನಾಗಿ ಉಣ್ಣುತ್ತಾನೆ" ಎಂದು ಸಂತೋಷಪಟ್ಟಳು. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಶನಿವಾರ ಇಲ್ಲ. ನಾವು ಓಂಕಾಳಿನ ಕಷಾಯ ಕುಡಿಸಿದೆವು. ವ್ಯಾನು ಬೇಡ, ಅಪ್ಪನ ಸ್ಕೂಟರಿನಲ್ಲಿ ಹೋಗುತ್ತೇನೆ ಎಂದು ಹಟ. ಅದನ್ನು ಮುದ್ದು ಎಂದುಕೊಂಡೆವು. ಪೆನ್ಸಿಲ್ ಡಬ್ಬ ಎರಡು ಸಲ ಕಳೆಯಿತು. ತಂಗಿಯನ್ನು ಕಾರಣವಿಲ್ಲದೆ ಗದರುತ್ತಿದ್ದ. ಒಂದೊಂದನ್ನೂ ಬಿಡಿ ಚೀಟಿಯಂತೆ ನೋಡಿದೆವೇ ಹೊರತು ಎಲ್ಲವನ್ನೂ ಒಂದೇ ಖಾತೆಗೆ ಹತ್ತಿಸಿ ಕೂಡಿ ನೋಡಲಿಲ್ಲ. ಹೊಟ್ಟೆನೋವು ಡಾಕ್ಟರರ ಖಾತೆ, ಪೆನ್ಸಿಲ್ ಮರೆವಿನ ಖಾತೆ, ಗಲ್ಲಾದ ಹಣ ಆಳಿನ ಖಾತೆ. ಮನೆಯಲ್ಲಿ ಇಷ್ಟು ಜನ ಇದ್ದೆವು, ಯಾರೂ ಮೊತ್ತ ಹಾಕಲಿಲ್ಲ.

ನಾವು ಪೀಡನೆ ಎಂದರೆ ಏನೆಂದು ತಿಳಿಯದವರೂ ಅಲ್ಲ. ನಾವು ಐದನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಆಗ ನಮ್ಮ ಊರುಗಳೆಲ್ಲ ಧರ್ಮಪುರಿ ಜಿಲ್ಲೆ, ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಆರನೆಯ ತರಗತಿಗೆ ತಮಿಳು ಶಾಲೆಗೆ ಸೇರಿಸಿದರು. ಬಾಳೆಹಣ್ಣಿಗೆ ತಮಿಳಿನಲ್ಲಿ ಹೇಳುವ ಮಾತಿನಲ್ಲಿ ನಾಲಿಗೆ ಮಡಿಸಿ ಉಚ್ಚರಿಸುವ ಅಕ್ಷರ ಎರಡು ಸಲ ಬರುತ್ತದೆ. ಹಳಗನ್ನಡದಲ್ಲಿ ಆ ಅಕ್ಷರ ಇತ್ತು, ಶತಮಾನಗಳ ಹಿಂದೆಯೇ ನಮ್ಮ ನಾಲಿಗೆಯಿಂದ ಜಾರಿಹೋಯಿತು. ನಾವು "ವಾಳಪ್ಪಳಂ" ಎನ್ನುತ್ತಿದ್ದೆವು. ದಿನಾ ಮಧ್ಯಾಹ್ನ ಬೇವಿನ ಮರದ ಕೆಳಗೆ ನಾಲ್ಕೈದು ಹುಡುಗರು ನಮ್ಮನ್ನು ನಿಲ್ಲಿಸಿ ಆ ಒಂದು ಪದ ಹೇಳಿಸುವುದು, ನಗುವುದು, ಮತ್ತೆ ಹೇಳಿಸುವುದು. ಯಾರೂ ಹೊಡೆಯಲಿಲ್ಲ, ಏನೂ ಕಿತ್ತುಕೊಳ್ಳಲಿಲ್ಲ. ಒಂದು ಪದ, ಅಷ್ಟೆ. 1977ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಅಂಗಡಿಗೆ ಬಂದು ಕುಳಿತೆವು. ಮುಂದೆ ಓದುವ ಆಸೆ ಇರಲಿಲ್ಲವೇ ಎಂದು ಯಾರಾದರೂ ಕೇಳಿದರೆ ವ್ಯಾಪಾರವಿತ್ತು ಎಂದು ಹೇಳುತ್ತಾ ಬಂದಿದ್ದೇವೆ. ಇಂದು ತಮಿಳಿನಲ್ಲಿ ಲೆಕ್ಕ ಬರೆಯುತ್ತೇವೆ, ತಮಿಳರಲ್ಲಿ ಎಷ್ಟೋ ಜನ ನಮಗೆ ಒಡಹುಟ್ಟಿದವರಿಗಿಂತ ಹೆಚ್ಚು. ಆದರೆ ಬಾಳೆಹಣ್ಣು ಬೇಕಾದರೆ ಇಂದಿಗೂ ಬೆರಳಿನಿಂದ ತೋರಿಸಿಯೇ ಕೊಳ್ಳುತ್ತೇವೆ.

ಆದ್ದರಿಂದ "ಮಕ್ಕಳೆಂದ ಮೇಲೆ ಕೀಟಲೆ ಇದ್ದದ್ದೇ" ಎನ್ನುವವರಿಗೆ ಸ್ವಲ್ಪ ನಿಧಾನಿಸಿ ಎನ್ನಬೇಕಾಗುತ್ತದೆ. ಕೀಟಲೆ ಬೇರೆ, ಜಗಳ ಬೇರೆ, ಪೀಡನೆ ಬೇರೆ. ನಾರ್ವೆ ದೇಶದಲ್ಲಿ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಿಂದಲೇ ಇದನ್ನು ಅಭ್ಯಾಸ ಮಾಡಿದವರು. 1982ರ ಕೊನೆಯಲ್ಲಿ ಆ ದೇಶದ ಉತ್ತರ ಭಾಗದಲ್ಲಿ ಮೂವರು ಬಾಲಕರು ಜೊತೆಯ ಮಕ್ಕಳ ಕಾಟ ತಡೆಯಲಾರದೆ ಪ್ರಾಣ ಕಳೆದುಕೊಂಡರು. ಮರುವರ್ಷವೇ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಇದರ ವಿರುದ್ಧ ಆಂದೋಲನ ನಡೆಸಿತು. ಓಲ್ವೇಯಸ್ ಹೇಳಿದ ಗುರುತು ನಮ್ಮಂಥ ಮೆಟ್ರಿಕ್ ಓದಿದವರಿಗೂ ಅರ್ಥವಾಗುವಂಥದು. ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಎದುರಿನವನು ತನಗೆ ಸಮವಲ್ಲ ಎಂದು ತಿಳಿದು ಮಾಡುವುದು. ಸಮಬಲದ ಇಬ್ಬರು ಹುಡುಗರು ಗೋಲಿಗಾಗಿ ಹೊಡೆದಾಡಿದರೆ ಅದು ಜಗಳ, ಸಂಜೆಗೆ ರಾಜಿಯಾಗುತ್ತದೆ. ತಕ್ಕಡಿಯ ಒಂದು ತಟ್ಟೆ ಮೊದಲೇ ನೆಲಕ್ಕೆ ತಾಗಿದ್ದರೆ ಅದನ್ನು ಜಗಳ ಎನ್ನಲಾಗದು. ತಟ್ಟೆ ತಗ್ಗುವುದು ಮೈಬಲದಿಂದ ಮಾತ್ರವಲ್ಲ. ವಯಸ್ಸು, ಜನಗಳ ಗುಂಪು, ಭಾಷೆ, ಜಾತಿ, ಹಣ, ಹೆಣ್ಣುಮಕ್ಕಳ ವಿಷಯದಲ್ಲಿ ಮೈಬಣ್ಣ, ಎಲ್ಲವೂ ತೂಕವೇ. ಈಗ ಮೊಬೈಲ್ ಫೋನೂ ಸೇರಿದೆ. ಹತ್ತು ಜನ ಹುಡುಗಿಯರು ವಾಟ್ಸಾಪ್ ಗುಂಪು ಮಾಡಿಕೊಂಡು ಒಬ್ಬಳನ್ನು ಮಾತ್ರ ಹೊರಗಿಟ್ಟರೆ, ಅಥವಾ ಅವಳ ಚಿತ್ರ ಹಾಕಿ ನಕ್ಕರೆ, ಆ ಮಗುವಿಗೆ ಮನೆಗೆ ಬಂದ ಮೇಲೂ ಶಾಲೆ ಬಿಡುವುದಿಲ್ಲ. ನಮಗೆ ಬೇವಿನ ಮರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

ಗೊತ್ತಾದ ಮೇಲೆ ಮಾಡಬೇಕಾದದ್ದೇನು? ಆ ರಾತ್ರಿ ನಮ್ಮ ಮನೆಯಲ್ಲಿ ಇದೇ ಪಂಚಾಯಿತಿ. ನಮ್ಮ ಮಗ "ನೀನೂ ಎರಡು ಬಿಟ್ಟು ಬಾ" ಎಂದ. ಆರನೆಯ ತರಗತಿಯ ಕಡ್ಡಿಯಂಥ ಹುಡುಗ ಒಂಬತ್ತನೆಯ ತರಗತಿಯ ಇಬ್ಬರಿಗೆ ಎರಡು ಬಿಟ್ಟರೆ ವಾಪಸು ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಲಿಲ್ಲ. ನಾವು "ನಾಳೆ ವ್ಯಾನು ನಿಲ್ಲಿಸಿ ನಾವೇ ಕೇಳುತ್ತೇವೆ" ಎಂದೆವು. ಮೊಮ್ಮಗ ಬೆಚ್ಚಿಬಿದ್ದ. ನಮ್ಮ ಮನೆಗೆ ಬಂದಿದ್ದ ಹಿರಿಯ ಸಂಬಂಧಿಕರೊಬ್ಬರು ಮಾತ್ರ ಶಾಂತವಾಗಿ, "ನಾವು ಅಹಿಂಸೆಯವರು. ಕ್ಷಮಿಸಿಬಿಡು ಮಗು, ತಾನಾಗಿಯೇ ನಿಲ್ಲುತ್ತದೆ" ಎಂದರು.

ಈ ಮಾತಿನ ಬಗ್ಗೆ ಸಾಧರ್ಮಿ ಬಂಧುಗಳಲ್ಲಿ ಸ್ವಲ್ಪ ವಿವರವಾಗಿ ಅರಿಕೆ ಮಾಡಿಕೊಳ್ಳಬೇಕು. ನಮ್ಮ ಅನೇಕ ಮನೆಗಳಲ್ಲಿ ಮಗು ಬಂದು ಅತ್ತಾಗ ಮೊದಲು ಸಿಗುವ ಉತ್ತರ ಇದೇ. ಕ್ಷಮೆ ದೊಡ್ಡದು, ಸಂಶಯವಿಲ್ಲ. ಆದರೆ ಕ್ಷಮಿಸುವವನಿಗೆ ಕ್ಷಮಿಸದೆ ಇರುವ ಶಕ್ತಿಯೂ ಇರಬೇಕಲ್ಲವೇ? ಬೇರೆ ದಾರಿಯೇ ಇಲ್ಲದ ಹನ್ನೊಂದು ವರ್ಷದ ಮಗು ಸುಮ್ಮನಿದ್ದರೆ ಅದು ಹೆದರಿಕೆ. ಅದಕ್ಕೆ ಧರ್ಮದ ಹೆಸರು ಕೊಟ್ಟರೆ ಮಗು ಧರ್ಮದ ಮೇಲೆಯೇ ಬೇಸರಪಡುತ್ತದೆ. ನಮ್ಮ ಶಾಸ್ತ್ರದಲ್ಲಿ ಗೃಹಸ್ಥನಿಗೆ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ಹೇಳಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕ ಬಿಡಲೇಬೇಕು. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವ ವಿರೋಧೀ ಹಿಂಸೆಯನ್ನು ಗೃಹಸ್ಥ ಪೂರ್ತಿ ಬಿಡಲಾರ ಎಂದು ಹಿರಿಯರೇ ಒಪ್ಪಿದ್ದಾರೆ. ಹಾಗೆಂದು ಮಕ್ಕಳಿಗೆ ಹೊಡೆದಾಟ ಕಲಿಸಿ ಎಂದು ನಾವು ಹೇಳುವುದಿಲ್ಲ, ಅದರಿಂದ ಎಳೆಯ ಮಗುವಿಗೇ ನಷ್ಟ. ಆದರೆ ಎದೆ ಎತ್ತಿ ನಿಂತು "ಬೇಡ, ನಿಲ್ಲಿಸು" ಎಂದು ಗಟ್ಟಿಯಾಗಿ ಹೇಳುವುದರಲ್ಲಿ, ಹೋಗಿ ಉಪಾಧ್ಯಾಯರಿಗೆ ತಿಳಿಸುವುದರಲ್ಲಿ ಎಲ್ಲಿಯ ಹಿಂಸೆ?

ಇನ್ನು ನಮ್ಮ ಉಪಾಯ, ವ್ಯಾನು ನಿಲ್ಲಿಸಿ ಗದರುವುದು. ಮೊಮ್ಮಗ ಏಕೆ ಬೆಚ್ಚಿದ ಎಂಬುದು ನಮಗೆ ಆಮೇಲೆ ತಿಳಿಯಿತು. ನಾವು ಗದರಿ ಅಂಗಡಿಗೆ ಬಂದುಬಿಡುತ್ತೇವೆ, ಅವನು ಅದೇ ವ್ಯಾನಿನಲ್ಲಿ ಅವರೊಡನೆಯೇ ಹೋಗಬೇಕು. ದೂರು ಕೊಟ್ಟ ಮೇಲೆ ಮಗುವಿನ ಕಾವಲು ಯಾರದು ಎಂದು ಮೊದಲು ಗೊತ್ತುಮಾಡದೆ ದೂರು ಕೊಡಬಾರದು. ನಮ್ಮ ರಾಜ್ಯದಲ್ಲೇ 2023ರಲ್ಲಿ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ನಡೆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಪರಿಶಿಷ್ಟ ಜಾತಿಯ ಒಬ್ಬ ಹುಡುಗ, ಚೆನ್ನಾಗಿ ಓದುವವನು. ಶಾಲೆಯ ಬೇರೆ ಜಾತಿಯ ಕೆಲವು ಹುಡುಗರು ಅವನಿಗೆ ಕಾಟ ಕೊಡುತ್ತಿದ್ದರು. ಹುಡುಗ ಶಾಲೆಗೆ ಹೋಗುವುದನ್ನೇ ನಿಲ್ಲಿಸಿದ. ವಿಚಾರಿಸಿದಾಗ ಬಾಯಿಬಿಟ್ಟ. ವಿಷಯ ಶಾಲೆಯವರೆಗೆ ಹೋದ ಮೇಲೆ ಆಗಸ್ಟ್ 9ರ ರಾತ್ರಿ ಅವರು ಮನೆಗೇ ನುಗ್ಗಿ ಕುಡುಗೋಲಿನಿಂದ ಕಡಿದರು. ತಡೆಯಲು ಬಂದ ತಂಗಿಗೂ ಏಟು ಬಿತ್ತು. ಆ ಹುಡುಗ ಬದುಕಿ ಉಳಿದು ಮರುವರ್ಷ ಹನ್ನೆರಡನೆಯ ತರಗತಿಯಲ್ಲಿ 600ಕ್ಕೆ 469 ಅಂಕ ಪಡೆದ ಎಂಬುದನ್ನು ಓದಿದಾಗ ನಮ್ಮ ಮನೆಯವರು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದರು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ನೇಮಿಸಿತು, 2024ರ ಜೂನ್‌ನಲ್ಲಿ ವರದಿ ಬಂತು. ಮಕ್ಕಳು ಜಾತಿ ತೋರಿಸುವ ಬಣ್ಣದ ದಾರಗಳನ್ನು ಕೈಗೆ ಕಟ್ಟಿಕೊಂಡು ಶಾಲೆಗೆ ಬರಬಾರದು, 500ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಮಕ್ಕಳ ಕ್ಷೇಮ ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿ ಇರಬೇಕು ಎಂದು ಅದರಲ್ಲಿ ಶಿಫಾರಸು ಇದೆ.

ನಮ್ಮ ಮೊಮ್ಮಗನ ಮೊಟ್ಟೆಸಿಪ್ಪೆಗೂ ನಾಂಗುನೇರಿಯ ಕುಡುಗೋಲಿಗೂ ಹೋಲಿಕೆ ಮಾಡುತ್ತಿಲ್ಲ. ಆದರೆ ಎರಡು ಕಡೆಯೂ ಒಂದು ಸಂಗತಿ ಸಮಾನ. ದೊಡ್ಡವರಿಗೆ ಗೊತ್ತಾದದ್ದು ಕೊನೆಗೆ.

ಆದ್ದರಿಂದ ವ್ಯಾನು ನಿಲ್ಲಿಸುವ ಉಪಾಯ ಬಿಟ್ಟೆವು. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಕಿರ್ದಿ ಬರೆಯುವ ಹಾಗೆಯೇ ಬರೆಸಿದೆವು. ಯಾವ ದಿನ, ಎಲ್ಲಿ, ಯಾರು, ಏನು ಹೇಳಿದರು, ಏನು ಮಾಡಿದರು, ಎಷ್ಟು ಹಣ, ನೋಡಿದವರು ಯಾರು. ಹನ್ನೊಂದು ದಿನದ ಬಾಬ್ತು ನೆನಪಿಗೆ ಬಂತು, 220 ರೂಪಾಯಿ. ಬರೆಯುತ್ತಾ ಬರೆಯುತ್ತಾ ಹುಡುಗನ ಬೆನ್ನು ನೆಟ್ಟಗಾಯಿತು, ಇದನ್ನು ಕಣ್ಣಾರೆ ಕಂಡೆವು. ಮೊಬೈಲಿನಲ್ಲಿ ಬಂದ ಕಾಟವಾದರೆ ಅಳಿಸಬೇಡಿ, ಹಾಗೆಯೇ ಚಿತ್ರ ತೆಗೆದು ಇಟ್ಟುಕೊಳ್ಳಿ ಎಂದು ತಿಳಿದವರು ಹೇಳುತ್ತಾರೆ. ಬಿಲ್ಲು ಹರಿದು ಹಾಕಿ ಬಾಕಿ ಕೇಳಲು ಹೋಗುವ ವ್ಯಾಪಾರಿ ಉಂಟೇ?

ಮಕ್ಕಳಿಗೆ ಇನ್ನೊಂದು ಅಂಜಿಕೆ ಉಂಟು, ಚಾಡಿಕೋರ ಎನ್ನುತ್ತಾರೆ ಎಂದು. ಸೊಸೆ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದಳು. ಯಾರನ್ನಾದರೂ ಸಿಕ್ಕಿಸಲು ಹೇಳುವುದು ಚಾಡಿ, ಸಿಕ್ಕಿಕೊಂಡವರನ್ನು ಬಿಡಿಸಲು ಹೇಳುವುದು ದೂರು. ಆಮೇಲೆ ಅಡಿಗೆಮನೆಯಲ್ಲೇ ಅಭ್ಯಾಸ ಮಾಡಿಸಿದರು. ನಮ್ಮ ಊರು ಮೂರು ಭಾಷೆಯ ಊರು, ಕಾಟ ಯಾವ ಭಾಷೆಯಲ್ಲಿ ಬರುತ್ತದೋ ಉತ್ತರವೂ ಆ ಭಾಷೆಯಲ್ಲಿ ಸಿದ್ಧವಿರಬೇಕು. ತಮಿಳಿನಲ್ಲಿ "ವೇಂಡಾಂ, ನಿರುತ್ತು", ತೆಲುಗಿನಲ್ಲಿ "ವದ್ದು", ಕನ್ನಡದಲ್ಲಿ "ಬೇಡ, ಬಿಡು". ಅಜ್ಜಿ ದೊಡ್ಡ ಹುಡುಗನ ವೇಷ, ಸೌಟು ಕೈಯಲ್ಲಿ. ಮೊದಲ ದಿನ ಹುಡುಗನ ಬಾಯಿಂದ ದನಿಯೇ ಹೊರಡಲಿಲ್ಲ. ಮೂರನೆಯ ದಿನ ಪಕ್ಕದ ಮನೆಯವರು ಏನಾಯಿತೆಂದು ಓಡಿಬಂದರು. ಬೈಯಬಾರದು, ಅಳಬಾರದು, ಕಣ್ಣಿನಲ್ಲಿ ಕಣ್ಣಿಟ್ಟು ಒಂದೇ ಮಾತು ಹೇಳಿ ಡ್ರೈವರ್ ಹತ್ತಿರದ ಸೀಟಿಗೆ ಬಂದು ಕೂರಬೇಕು. ಹುಡುಗ ಕಲಿತದ್ದು ಇಷ್ಟೇ. ಮಿಕ್ಕದ್ದು ದೊಡ್ಡವರ ಕೆಲಸ ಎಂದು ಅವನಿಗೆ ಸ್ಪಷ್ಟವಾಗಿ ಹೇಳಿದೆವು.

ಕಾಯಿದೆಯ ವಿಷಯ ಚುಟುಕಾಗಿ ಹೇಳುತ್ತೇವೆ. 1996ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಒಬ್ಬ ವೈದ್ಯ ವಿದ್ಯಾರ್ಥಿಯ ಕೊಲೆಯಾದ ಮೇಲೆ ತಮಿಳುನಾಡು 1997ರಲ್ಲಿ ರ್‍ಯಾಗಿಂಗ್ ನಿಷೇಧ ಕಾಯಿದೆ ಮಾಡಿತು. ಅದು ಕಾಲೇಜಿನ ಮಾತು ಎಂದು ಬಹಳ ಜನ ಸುಮ್ಮನಿರುತ್ತಾರೆ. ಶಾಲೆಯ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೂಡದು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಹೇಳುತ್ತದೆ. 2015ರಲ್ಲಿ ಸಿ.ಬಿ.ಎಸ್.ಇ. ಮಂಡಳಿ ಪೀಡನೆ ತಡೆಯುವ ಸಮಿತಿಗಳ ಬಗ್ಗೆ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತು. ಶಾಲೆಯಲ್ಲಿ ಕೇಳುವವರಿಲ್ಲದಿದ್ದರೆ ತಮಿಳುನಾಡು ಶಿಕ್ಷಣ ಇಲಾಖೆಯ 14417, ದೇಶಕ್ಕೆಲ್ಲ ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರನ್ನು ನಮ್ಮ ಅಂಗಡಿಯ ಕ್ಯಾಲೆಂಡರಿನ ಮೇಲೆ ಬರೆದಿದ್ದೇವೆ, ನಿಮ್ಮ ಮನೆಯಲ್ಲೂ ಬರೆದಿಡಿ.

ನಮಗೆ ಫೋನು ಮಾಡುವ ಅಗತ್ಯ ಬೀಳಲಿಲ್ಲ. ನಾವೂ ಸೊಸೆಯೂ ನೋಟ್‌ಬುಕ್ ಹಿಡಿದು ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿಯವರು ಪುಟ ಪುಟವೂ ಓದಿದರು. ನಾಳೆಯಿಂದಲೇ ವ್ಯಾನಿನ ಆಯಾ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಯಾರು ದೂರು ಕೊಟ್ಟರೆಂದು ಆ ಹುಡುಗರಿಗೆ ಹೇಳುವುದಿಲ್ಲ ಎಂದರು. ನಮಗೆ ಗೆದ್ದ ಹಾಗೆ ಆಯಿತು, ಏಳುವುದಕ್ಕೆ ಹೊರಟೆವು. ಆಗ ಅವರು ಸ್ವಲ್ಪ ತಡೆದು, "ಸಾರ್, ಆ ಹುಡುಗರ ಮೇಲೆ ಇನ್ನೊಂದು ದೂರು ನನ್ನ ಹತ್ತಿರ ಇದೆ. ಅದರಲ್ಲಿ ನಿಮ್ಮ ಹುಡುಗನ ಹೆಸರೂ ಇದೆ" ಎಂದರು.

ನಾಲ್ಕನೆಯ ತರಗತಿಯ ಒಬ್ಬ ಹುಡುಗ. ಶಿಕ್ಷಣ ಹಕ್ಕು ಕಾಯಿದೆಯ ಉಚಿತ ಸೀಟಿನಲ್ಲಿ ಸೇರಿದವನು. ಅವನನ್ನು ಆ ಇಬ್ಬರು ವ್ಯಾನಿನಲ್ಲಿ ಬಗ್ಗಿಸಿ ಬೆನ್ನ ಮೇಲೆ ಎಲ್ಲರ ಸ್ಕೂಲ್ ಬ್ಯಾಗುಗಳನ್ನು ಪೇರಿಸುತ್ತಿದ್ದರು. "ಮೂಟೆ, ಮೂಟೆ" ಎಂದು ಕೂಗುತ್ತಿದ್ದರು. ಜೊತೆಗೆ ನಗುತ್ತಿದ್ದವರಲ್ಲಿ ನಮ್ಮ ಮೊಮ್ಮಗನೂ ಒಬ್ಬ. ಆ ಹುಡುಗ ಯಾರ ಮಗ ಎಂದು ಅವರು ಹೇಳುವ ಮೊದಲೇ ನಮಗೆ ತಿಳಿದುಹೋಯಿತು. ನಮ್ಮ ಅಂಗಡಿಯಲ್ಲಿ ಮೂಟೆ ಇಳಿಸುವ ಆಳಿನ ಮಗ. ಹನ್ನೆರಡು ವರ್ಷದಿಂದ ಅವನನ್ನು ಅಂಗಡಿಯಲ್ಲಿ ಕರೆಯುತ್ತಿದ್ದುದೇ "ಲೇ ಮೂಟೆ" ಎಂದು. ಹೆಸರಿಟ್ಟವರು ನಾವು. ಕೂಲಿ ಪುಸ್ತಕದಲ್ಲೂ ಹಾಗೆಯೇ ಬರೆದಿದ್ದೆವು. ವ್ಯಾನಿನ ಹುಡುಗರಿಗೆ ಆ ಹೆಸರು ಎಲ್ಲಿಂದ ಸಿಕ್ಕಿತು? ನಮ್ಮ ಮೊಮ್ಮಗ ಕೊಟ್ಟದ್ದು. ಆ ದಿನ ಅವನ ಹತ್ತಿರ 20 ರೂಪಾಯಿ ಇರಲಿಲ್ಲವಂತೆ. ಅವರ ಗಮನ ಬೇರೆ ಕಡೆ ತಿರುಗಿಸಲು ಕೈ ತೋರಿಸಿ, "ಅವನಪ್ಪ ನಮ್ಮಂಗಡೀಲಿ ಮೂಟೆ" ಎಂದನಂತೆ. ಆ ದಿನ ಅವನ ಡಬ್ಬಿ ಉಳಿಯಿತು.

ಜಪಮಾಲೆಯಲ್ಲಿ 108 ಮಣಿ ಏಕೆ ಎಂದು ನಮ್ಮ ತಂದೆಯವರು ಚಿಕ್ಕಂದಿನಲ್ಲಿ ಲೆಕ್ಕ ಹೇಳಿಕೊಟ್ಟಿದ್ದರು. ತತ್ವಾರ್ಥ ಸೂತ್ರದ ಆರನೆಯ ಅಧ್ಯಾಯದಲ್ಲಿ ಬರುತ್ತದೆ. ಮಾಡಬೇಕೆಂದುಕೊಳ್ಳುವುದು, ಸಾಮಗ್ರಿ ಹೊಂದಿಸುವುದು, ತೊಡಗುವುದು ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಒಪ್ಪಿದ್ದು, ಅಂದರೆ ಕೃತ, ಕಾರಿತ, ಅನುಮೋದನ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ನಾಲ್ಕು. ಗುಣಿಸಿದರೆ 108. ಐವತ್ತು ವರ್ಷದಿಂದ ಆ ಮಣಿ ಎಣಿಸುತ್ತಿದ್ದೇವೆ. ನಗು ಎಂಬುದು ಅನುಮೋದನದ ಮಣಿ ಎಂದು ಮುಖ್ಯೋಪಾಧ್ಯಾಯಿನಿಯವರ ಕೋಣೆಯ ಕುರ್ಚಿಯ ಮೇಲೆ ಕುಳಿತಾಗ ಹೊಳೆಯಿತು. ಬೇವಿನ ಮರದ ಕೆಳಗೆ ನಮಗೆ ಪದ ಹೇಳಿಸುತ್ತಿದ್ದವನು ಒಬ್ಬ, ಅವನ ಮುಖ ಮರೆತಿದೆ. ನೆನಪಿರುವುದು ಸುತ್ತ ನಿಂತು ನಕ್ಕವರ ಮುಖ, ಅದರಲ್ಲೂ ನಮ್ಮ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬನದು.

ಫಿನ್‌ಲೆಂಡ್ ದೇಶದವರು ಈ ಮಾತನ್ನೇ ಶಾಲೆಯ ಪಾಠ ಮಾಡಿದ್ದಾರೆ. ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಎಂಬ ಪ್ರಾಧ್ಯಾಪಕಿ ಮತ್ತವರ ಜೊತೆಯವರು ಕಟ್ಟಿದ ಕಾರ್ಯಕ್ರಮಕ್ಕೆ 'ಕಿವಾ' ಎಂದು ಹೆಸರು. ಅವರ ಭಾಷೆಯಲ್ಲಿ ಸೊಗಸು ಎಂದು ಅರ್ಥವಂತೆ, ನಮಗೆ 'ಕಿವಿ' ಎಂದೇ ಕೇಳಿಸಿತು, ತಪ್ಪೇನಿಲ್ಲ. ಕಾಟ ಕೊಡುವವನನ್ನು ಮಾತ್ರ ತಿದ್ದಲು ಹೋಗುವುದಕ್ಕಿಂತ ಸುತ್ತ ನಿಂತ ಮಕ್ಕಳಿಗೆ ನಗಬೇಡಿ, ಪೀಡೆಗೊಳಗಾದವನ ಪಕ್ಕಕ್ಕೆ ಹೋಗಿ ನಿಲ್ಲಿ ಎಂದು ಕಲಿಸುವುದು ಅದರ ಜೀವಾಳ. ಗಿರಾಕಿ ಇಲ್ಲದ ಅಂಗಡಿ ಎಷ್ಟು ದಿನ ನಡೆದೀತು ಎಂಬ ಲೆಕ್ಕ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ನಮ್ಮಂಥ ವ್ಯಾಪಾರದ ಮನೆಗಳಲ್ಲಿ ಮಗುವಿಗೆ ಕಾಟವಾದರೆ ಹುಡುಕಿಕೊಂಡು ಹೋಗುತ್ತೇವೆ. ನಮ್ಮ ಮಗುವಿನ ಮೇಲೆ ದೂರು ಬಂದರೆ ನಾಲಿಗೆಯ ತುದಿಯಲ್ಲಿ ಬರುವ ಮೊದಲ ಮಾತು "ನಮ್ಮ ಹುಡುಗ ಅಂಥವನಲ್ಲ". ನಮ್ಮ ಬಾಯಿಗೂ ಅದೇ ಬಂದಿತ್ತು. ಸೊಸೆ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತದ್ದು ನೋಡಿ ನುಂಗಿಕೊಂಡೆವು.

ಮರುದಿನ ಅಂಗಡಿಯಲ್ಲಿ ಆಳನ್ನು ಕರೆದು, ನಿನಗೆ ಇದು ಗೊತ್ತಿತ್ತೇ ಎಂದು ಕೇಳಿದೆವು. ಗೊತ್ತಿತ್ತು. ಒಂದೂವರೆ ತಿಂಗಳಿಂದ ಗೊತ್ತಿತ್ತು. ಶಾಲೆಗೆ ದೂರು ಕೊಟ್ಟವಳು ಅವನ ಹೆಂಡತಿ, ಅವನಿಗೆ ಹೇಳದೆ. "ನಮ್ಮ ಹತ್ತಿರ ಏಕೆ ಹೇಳಲಿಲ್ಲ?" ಎಂದೆವು. ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮಕ್ಳ ಜಗಳ ಸಾವ್ಕಾರ್ರೇ, ನಿಮ್ಮತ್ರ ಬಂದು ಏನಂತ ಹೇಳಾದು?" ಎಂದ. ಜಗಳ ಬೇರೆ ಪೀಡನೆ ಬೇರೆ ಎಂದು ಮೇಲೆ ನಾವು ಬರೆದೆವಲ್ಲ, ಅದನ್ನು ಅವನಿಗೆ ವಿವರಿಸುವ ಮುಖ ನಮಗಿರಲಿಲ್ಲ. ಗಲ್ಲಾದ 20 ರೂಪಾಯಿಯ ಸಂದೇಹವನ್ನೂ ಆಗಲೇ ಹೇಳಿಬಿಟ್ಟೆವು. ಅದಕ್ಕೆ ಅವನು ಏನೂ ಹೇಳಲಿಲ್ಲ, ಲಾರಿ ಬಂದಿತ್ತು, ಹೋದ.

ಮೊಮ್ಮಗನನ್ನು ಈ ಸಲ ಹೊಡೆಯಲಿಲ್ಲ. ಎರಡನೆಯ ನೋಟ್‌ಬುಕ್ ಕೊಟ್ಟು, ನೀನು ನಕ್ಕ ದಿನಗಳನ್ನು ಬರೆ ಎಂದೆವು. ಮೊದಲನೆಯದನ್ನು ಒಂದು ಸಂಜೆಯಲ್ಲಿ ಬರೆದಿದ್ದ, ಇದಕ್ಕೆ ನಾಲ್ಕು ದಿನ ಬೇಕಾಯಿತು. ವ್ಯಾನಿನ ಕಾಟ ಆಯಾ ಹಿಂದೆ ಕುಳಿತ ವಾರದಲ್ಲೇ ನಿಂತಿತು. ದೊಡ್ಡ ಹುಡುಗರ ಪೈಕಿ ಒಬ್ಬನ ತಂದೆ, ಟೊಮೇಟೊ ಬೆಳೆಯುವ ರೈತರು, ಮುಖ್ಯೋಪಾಧ್ಯಾಯಿನಿಯವರು ಕರೆಸಿದಾಗ ಬಂದು ಕಣ್ಣೀರು ಹಾಕಿದರಂತೆ. ಇನ್ನೊಬ್ಬರು ಬರಲೇ ಇಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಪ್ರತಿ ವರ್ಷ ಆ ದಿನ ನಮ್ಮವರ ಮನೆಗಳಿಗೆ ಹೋಗಿ, ದೂರದವರಿಗೆ ಫೋನು ಮಾಡಿ ಕ್ಷಮೆ ಕೇಳುವುದು ಪದ್ಧತಿ. ಈ ಸಲ ಮೊಮ್ಮಗನ ಕೈ ಹಿಡಿದು ಆಳಿನ ಮನೆಗೆ ಹೋದೆವು. ಹನ್ನೆರಡು ವರ್ಷದಲ್ಲಿ ಆ ಮನೆಯ ಹೊಸ್ತಿಲು ನೋಡಿದ್ದು ಅದೇ ಮೊದಲು. ಅವನು ನಮಗೆ ಕುರ್ಚಿ ಹಾಕಿ ತಾನು ನಿಂತೇ ಇದ್ದ. ಕೂರು ಎಂದರೂ ಕೂರಲಿಲ್ಲ. ಅವನ ಹೆಂಡತಿ ಬಾಗಿಲ ಹತ್ತಿರ ಬಂದು ನಮ್ಮನ್ನು ನೇರವಾಗಿ ನೋಡಿದಳು, ಮಾತನಾಡಲಿಲ್ಲ. ಮೊಮ್ಮಗ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದ. ಆ ಚಿಕ್ಕ ಹುಡುಗ ಬಾಗಿಲ ಹಿಂದೆಯೇ ಇದ್ದ, ಕಾಲಿನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಹೊರಗೆ ಬರಲಿಲ್ಲ. ಕರೆದು ತರಲು ತಂದೆ ಹೊರಟಾಗ ಬೇಡ ಎಂದೆವು.

ಈಗ ಇಬ್ಬರೂ ಅದೇ ವ್ಯಾನಿನಲ್ಲಿ ಹೋಗುತ್ತಾರೆ. ಒಟ್ಟಿಗೆ ಕೂರುತ್ತಾರೋ ಇಲ್ಲವೋ ನಾವು ಕೇಳಿಲ್ಲ. ಕೂಲಿ ಪುಸ್ತಕದಲ್ಲಿ ಹಳೆಯ ಹೆಸರು ಹೊಡೆದು ತಂದೆತಾಯಿ ಇಟ್ಟ ಹೆಸರನ್ನು ಪೂರ್ತಿಯಾಗಿ ಬರೆದೆವು. ಬರೆಯುವುದು ಸುಲಭ, ಹನ್ನೆರಡು ವರ್ಷದ ನಾಲಿಗೆ ಅಷ್ಟು ಬೇಗ ತಿರುಗುವುದಿಲ್ಲ. ಲೋಡು ಬಂದ ಅವಸರದಲ್ಲಿ ಒಮ್ಮೊಮ್ಮೆ ಹಳೆಯದೇ ಬಾಯಿಗೆ ಬಂದುಬಿಡುತ್ತದೆ. ಮೊಮ್ಮಗ ಅಂಗಡಿಯಲ್ಲಿದ್ದರೆ ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಿ ನಮ್ಮ ಮುಖ ನೋಡುತ್ತಾನೆ.